ಸೋನ್-ಕುಲ್‌ಗೆ ಜೂನ್, ಜುಲೈನಲ್ಲಿ ಬೇಡ: ಕಿರ್ಗಿಸ್ತಾನಕ್ಕೆ ಹಕ್ಕಿ ಫೋಟೊಗೆ ಹೊರಟವರಿಗೊಂದು ಬಹಿರಂಗ ಪತ್ರ

ಕಿರ್ಗಿಸ್ತಾನದ ಹಕ್ಕಿಗಳ ಫೋಟೊ ತೆಗೆಯಲು ಹೊರಟಿರುವ ಕನ್ನಡಿಗರಿಗೆ, ಅವರನ್ನು ಕರೆದೊಯ್ಯುವ ಪ್ರವಾಸ ಆಯೋಜಕರಿಗೆ, ಬಿಶ್ಕೆಕ್‌ನಲ್ಲಿ ಓದುತ್ತಿರುವ ನಮ್ಮ ವಿದ್ಯಾರ್ಥಿಗಳಿಗೆ,

ನಮಸ್ಕಾರ.

ನಕ್ಷೆಯ ಮೇಲೆ ಅಳೆದು ನೋಡಿ: ದೆಹಲಿಗೆ ಬೆಂಗಳೂರಿಗಿಂತ ಕಿರ್ಗಿಸ್ತಾನದ ರಾಜಧಾನಿ ಬಿಶ್ಕೆಕ್ಕೇ ಹತ್ತಿರ. ಆಕಾಶಮಾರ್ಗದಲ್ಲಿ ಸುಮಾರು 1,600 ಕಿ.ಮೀ. ಅಷ್ಟೇ. ದೇಶದ ವಿಸ್ತೀರ್ಣ ಕರ್ನಾಟಕಕ್ಕಿಂತ ಒಂದಿಷ್ಟು ಹೆಚ್ಚು, ಎರಡು ಲಕ್ಷ ಚದರ ಕಿ.ಮೀ. ಹತ್ತಿರ, ಜನ ಮಾತ್ರ ಎಪ್ಪತ್ತು ಲಕ್ಷದ ಆಸುಪಾಸು. ನೆಲದ ಸರಾಸರಿ ಎತ್ತರವೇ 2,750 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ತುದಿಯ ಎತ್ತರದಲ್ಲಿ ಅಲ್ಲಿ ಊರು, ಹೊಲ, ಆಲೂಗಡ್ಡೆ ಗದ್ದೆ ಇರುತ್ತವೆ. ಇಂಥ ದೇಶದಲ್ಲಿ ಹಕ್ಕಿ ನೋಡುವ ಆಸೆ ಯಾರಿಗಿಲ್ಲ? ಹೋಗಿ. ಖಂಡಿತ ಹೋಗಿ. ನಮ್ಮ ತಕರಾರು ಇರುವುದು ಹೋಗುವ ವಾರಗಳ ಬಗ್ಗೆ, ಹಕ್ಕಿಯಿಂದ ನಿಲ್ಲುವ ದೂರದ ಬಗ್ಗೆ, ಬಂದ ಮೇಲೆ ಫೋಟೊ ಹಂಚುವ ರೀತಿಯ ಬಗ್ಗೆ.

ಪ್ಯಾಕೇಜುಗಳ ದಿನಾಂಕ ನಿಗದಿಯಾಗುವುದು ಹಕ್ಕಿಯ ಲೆಕ್ಕದಲ್ಲಲ್ಲ, ರಸ್ತೆಯ ಲೆಕ್ಕದಲ್ಲಿ. ಘಾಟಿಗಳ ಮೇಲಿನ ಹಿಮ ಕರಗಿ ದಾರಿ ತೆರೆಯುವುದು ಮೇ ಕೊನೆಗೆ, ಜೂನ್ ಮೊದಲಿಗೆ. ಕುರಿ, ಕುದುರೆ ಹೊಡೆದುಕೊಂಡು ದನಗಾಹಿಗಳು ‘ಜೈಲೂ’ ಎಂಬ ಬೇಸಿಗೆಯ ಹುಲ್ಲುಗಾವಲಿಗೆ ಏರುವುದೂ ಆಗಲೇ, ಯುರ್ಟ್ ಡೇರೆಗಳು ಏಳುವುದೂ ಆಗಲೇ. ಮೂರು ಸಾವಿರ ಮೀಟರ್ ಮೇಲಿನ ಹಕ್ಕಿಗಳು ಮೊಟ್ಟೆ ಇಟ್ಟು ಕೂತಿರುವುದೂ ಅದೇ ವಾರಗಳಲ್ಲಿ. ಮೇಲಿನ ಬೇಸಿಗೆ ಎರಡೂವರೆ ತಿಂಗಳು ಉಳಿದರೆ ಹೆಚ್ಚು. ಜೂನ್‌ನಲ್ಲಿ ಒಂದು ಗೂಡು ಕೆಟ್ಟರೆ ಜುಲೈಯಲ್ಲಿ ಮತ್ತೆ ಕಟ್ಟೋಣವೆಂದು ಕೂರಲು ಅಲ್ಲಿಯ ಹಕ್ಕಿಗೆ ಪುರುಸೊತ್ತಿಲ್ಲ. ಆ ವರ್ಷದ ಲೆಕ್ಕ ಅಲ್ಲಿಗೆ ಮುಗಿಯಿತು.

ಸೋನ್-ಕುಲ್ ಸರೋವರದಿಂದಲೇ ಶುರು ಮಾಡೋಣ, ಯಾಕೆಂದರೆ ಬಹುತೇಕ ಎಲ್ಲ ಪ್ರವಾಸಗಳೂ ಅಲ್ಲಿಗೆ ಹೋಗುತ್ತವೆ. 3,016 ಮೀಟರ್ ಎತ್ತರ, ಉದ್ದ ಸುಮಾರು 29 ಕಿ.ಮೀ., ಸುತ್ತ ಒಂದೂ ಮರವಿಲ್ಲದ ಹುಲ್ಲು. 2011ರಲ್ಲಿ ರಾಮ್ಸಾರ್ ಪಟ್ಟಿ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ನೆಲೆಗಳ ಪಟ್ಟಿ, ಸೇರಿದ ತಾಣ. ಇಲ್ಲಿ ಮೊಟ್ಟೆಯಿಡುವ ಹಕ್ಕಿಗಳಲ್ಲಿ ಕನ್ನಡಿಗರಿಗೆ ಪರಿಚಯ ಹೇಳಬೇಕಿಲ್ಲದ್ದು ಪಟ್ಟೆತಲೆ ಹೆಬ್ಬಾತು. ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಯಲ್ಲಿ, ಮೈಸೂರು ಕಡೆಯ ಹದಿನಾರು ಕೆರೆಯಲ್ಲಿ ಕಾಣುವ ಅದೇ ಜಾತಿ. ಮಾಗಡಿಗೆ ಬರುವುವೆಲ್ಲ ಸೋನ್-ಕುಲ್‌ನವೇ ಎಂದು ಪೋಸ್ಟ್ ಹಾಕುವವರಿಗೆ ಒಂದು ಮಾತು: ನಮ್ಮ ಕಡೆ ಕತ್ತಿಗೆ ಸಂಶೋಧಕರು ಗುರುತಿಗೆ ತೊಡಿಸಿದ ಹಸಿರು ಪಟ್ಟಿ ಇರುವ ಹೆಬ್ಬಾತು ಕಂಡಾಗ ಆ ಪಟ್ಟಿ ಮಂಗೋಲಿಯದ್ದಾಗಿತ್ತು. ಹಾಗಾಗಿ ‘ನಮ್ಮೂರ ಹಕ್ಕಿಯ ತವರಿಗೆ ಯಾತ್ರೆ’ ಎಂಬ ಶೀರ್ಷಿಕೆ ಕೇಳಲು ಚೆಂದ, ಬ್ರೋಷರಿನಲ್ಲಿ ಬೇಡ.

ಹೆಬ್ಬಾತು ಸಾಮಾನ್ಯವಾಗಿ ನಾಲ್ಕರಿಂದ ಆರು ಮೊಟ್ಟೆ ಇಡುತ್ತದೆ. ಕಾವು ನಾಲ್ಕು ವಾರ. ಮರಿಗಳು ಹುಟ್ಟಿದ ಬೆನ್ನಿಗೇ ನೀರಿಗಿಳಿಯುತ್ತವೆ, ಆದರೆ ಹಾರಲು ಇನ್ನೂ ಏಳೆಂಟು ವಾರ ಬೇಕು. ಈ ಮಧ್ಯೆ ಜುಲೈ ಹೊತ್ತಿಗೆ ತಾಯಿ, ತಂದೆ ಎರಡೂ ರೆಕ್ಕೆಯ ದೊಡ್ಡ ಗರಿಗಳನ್ನು ಒಟ್ಟಿಗೇ ಉದುರಿಸಿ ಒಂದು ತಿಂಗಳಿನಷ್ಟು ಕಾಲ ಹಾರಲಾರದೆ ಉಳಿಯುತ್ತವೆ. ಅಂದರೆ ಪ್ರವಾಸಿಗರ ದಟ್ಟಣೆ ಹೆಚ್ಚಿರುವ ವಾರಗಳಲ್ಲಿ ದಡದ ಹುಲ್ಲು ಮೇಯುತ್ತಿರುವ ಇಡೀ ಸಂಸಾರಕ್ಕೆ ಇರುವ ಒಂದೇ ರಕ್ಷಣೆ ನೀರು. ನೀವು ಹಕ್ಕಿಗೂ ನೀರಿಗೂ ನಡುವೆ ನಿಂತಿರೋ, ಆ ರಕ್ಷಣೆ ಹೋಯಿತು.

ಜೂನ್‌ನಲ್ಲಿ ಆಗುವ ಅನಾಹುತವೇ ಬೇರೆ. ಕಾವಿಗೆ ಕೂತ ಹೆಬ್ಬಾತು ತಾನಾಗಿ ಮೇಯಲು ಏಳುವಾಗ ಮೈಯ ಮೆತ್ತನೆ ತುಪ್ಪುಳವನ್ನು ಮೊಟ್ಟೆಗಳ ಮೇಲೆ ಎಳೆದು ಮುಚ್ಚಿಟ್ಟು ಹೋಗುತ್ತದೆ. ಹೆದರಿ ಎದ್ದಾಗ ಅಷ್ಟು ವ್ಯವಧಾನ ಇರುವುದಿಲ್ಲ. ಬಿಳಿ ಮೊಟ್ಟೆಗಳು ಬಟಾಬಯಲಾಗುತ್ತವೆ. ಕಡಲಕ್ಕಿ, ರೇವನ್ ಕಾಗೆಗಳು ಮನುಷ್ಯರ ಓಡಾಟವನ್ನು ನೋಡುತ್ತಲೇ ಇರುತ್ತವೆ, ಎಲ್ಲಿ ಹಕ್ಕಿ ಎದ್ದಿತು ಅಲ್ಲಿಗೆ ಹೋದರೆ ಊಟ ಎಂದು ಅವಕ್ಕೆ ಗೊತ್ತು. ಫೋಟೊಗ್ರಾಫರ್ ಗೂಡನ್ನು ಮುಟ್ಟದೆ, ಮೊಟ್ಟೆ ನೋಡದೆ, ಬಹಳ ಸಭ್ಯನಾಗಿ ವಾಪಸ್ ಬಂದಿರುತ್ತಾನೆ. ಗೂಡು ಮಾತ್ರ ಖಾಲಿಯಾಗಿರುತ್ತದೆ. ಕಾಗೆ ಬಾರದಿದ್ದರೂ ಚಳಿ ಇದೆ. ಅಲ್ಲಿ ಜೂನ್ ರಾತ್ರಿಗಳಲ್ಲೂ ನೀರು ಹೆಪ್ಪುಗಟ್ಟುವುದುಂಟು, ಹಗಲಲ್ಲೇ ಆಲಿಕಲ್ಲು ಬಂದು ಹುಲ್ಲು ಬೆಳ್ಳಗಾಗುವುದುಂಟು.

ಆದ್ದರಿಂದ ಆಯೋಜಕರಲ್ಲಿ ನಮ್ಮ ಮೊದಲ ಬೇಡಿಕೆ: ಸೋನ್-ಕುಲ್ ಅನ್ನು ಆಗಸ್ಟ್ 15ರಿಂದ ಸೆಪ್ಟೆಂಬರ್ 10ರ ನಡುವೆ ಇಟ್ಟುಕೊಳ್ಳಿ. ಅಷ್ಟರಲ್ಲಿ ಮರಿಗಳು ಹಾರುತ್ತಿರುತ್ತವೆ, ದೊಡ್ಡವಕ್ಕೆ ಹೊಸ ಗರಿ ಬಂದಿರುತ್ತದೆ, ಉತ್ತರದಿಂದ ಇಳಿಯುವ ಉದ್ದಕಾಲಿನ ನೀರುಹಕ್ಕಿಗಳೂ ಸೇರಿಕೊಂಡಿರುತ್ತವೆ. ಯುರ್ಟ್‌ಗಳು ಇನ್ನೂ ಇರುತ್ತವೆ. ಹುಲ್ಲು ಹಳದಿ ತಿರುಗಿದ್ದು ಫೋಟೊಗೆ ಕೆಟ್ಟದ್ದೇನಲ್ಲ. ಹೂವಿನ ಹಾಸು ಬೇಕು ಎನ್ನುವ ಗಿರಾಕಿಗೆ ಮಾತ್ರ ನಿರಾಸೆ. ಅವರಿಗೆ ಜೂನ್‌ನಲ್ಲಿ ಕೆಳಗಿನ ಕಣಿವೆಗಳಿವೆ.

ಆಗಲೂ ದೂರ ಇರಲಿ. ದಡದ ಹಿಂಡಿನಿಂದ 200 ಮೀಟರ್. ಮೀಟರು ಅಳೆಯಲು ಯಾರೂ ಟೇಪು ತರುವುದಿಲ್ಲ, ಹಕ್ಕಿಯೇ ಹೇಳುತ್ತದೆ: ಮೇಯುತ್ತಿದ್ದ ಹಿಂಡಿನಲ್ಲಿ ಒಂದೆರಡು ಕತ್ತು ಮೇಲೆದ್ದರೆ ನಿಲ್ಲಿ. ಎಲ್ಲ ಕತ್ತುಗಳೂ ನೆಟ್ಟಗಾಗಿ ಒಂದೇ ದಿಕ್ಕಿಗೆ ತಿರುಗಿದರೆ ಕೂತುಬಿಡಿ. ನೀರಿನ ಕಡೆ ನಡೆಯಲು ಶುರು ಮಾಡಿದರೆ ನೀವು ಆಗಲೇ ತಡ ಮಾಡಿದ್ದೀರಿ, ಬಂದ ದಾರಿಯಲ್ಲೇ ಹಿಂದಿರುಗಿ. ‘ಇಷ್ಟು ದೂರದಿಂದ ಏನು ಸಿಗುತ್ತದೆ?’ ಎನ್ನುವವರಿಗೆ ಲೆಕ್ಕ ಹೀಗಿದೆ. ಮುಕ್ಕಾಲು ಮೀಟರ್ ಉದ್ದದ ಹೆಬ್ಬಾತು 200 ಮೀಟರಿನಲ್ಲಿ 600 ಎಂ.ಎಂ. ಲೆನ್ಸಿಗೆ ಫುಲ್‌ಫ್ರೇಮ್ ಅಗಲದ ಹದಿನಾರನೇ ಒಂದು ಪಾಲು ಮಾತ್ರ ತುಂಬುತ್ತದೆ. ಚೌಕಟ್ಟಿನ ಅರ್ಧಕ್ಕಿಂತ ಹೆಚ್ಚು ತುಂಬಬೇಕಾದರೆ 20 ಮೀಟರಿಗೆ ಹೋಗಬೇಕು, ಅಲ್ಲಿ ಅಷ್ಟು ಹತ್ತಿರಕ್ಕೆ ಸಿಗುವುದು ಹಾರಲಾರದ ಹಕ್ಕಿ ಮಾತ್ರ. ಅಲ್ಲಿ ತೆಗೆಯಬೇಕಾದ್ದು ಹಿಂಡು, ನೀರು, ಹಿಂದಿನ ಹಿಮದ ಸಾಲು ಮೂರೂ ಸೇರಿದ ಚಿತ್ರ. ಅದಕ್ಕೆ 200ರಿಂದ 400 ಎಂ.ಎಂ. ಸಾಕು. ಹೆಬ್ಬಾತಿನ ಕಣ್ಣಿನ ಕ್ಲೋಸ್‌ಅಪ್ಪೇ ಬೇಕಿದ್ದರೆ ಅದಕ್ಕೆ ಕಿರ್ಗಿಸ್ತಾನದವರೆಗೆ ಹೋಗುವ ಖರ್ಚು ಯಾಕೆ, ಜನವರಿಯಲ್ಲಿ ಮಾಗಡಿ ಕೆರೆ ಏರಿ ಇದೆಯಲ್ಲ.

ಬೆಳಕಿನ ವಿಷಯವೂ ಇದನ್ನೇ ಹೇಳುತ್ತದೆ. ಆಗಸ್ಟ್ ನಡುವಿಗೆ ಅಲ್ಲಿ ಸೂರ್ಯ ಹುಟ್ಟುವುದು ಆರು ಗಂಟೆ ದಾಟಿದ ಮೇಲೆ. ಒಂಬತ್ತೂವರೆ ಹೊತ್ತಿಗೆ ನೆಲ ಕಾದು ಗಾಳಿ ನಡುಗತೊಡಗುತ್ತದೆ. ಆಮೇಲೆ ಎಂಥ ಲೆನ್ಸ್ ಇದ್ದರೂ ದೂರದ ಹಕ್ಕಿಯ ಗರಿ ಕಲಸಿಹೋಗುತ್ತದೆ. ಜನ ಇದನ್ನು ಫೋಕಸ್ ತಪ್ಪು ಎಂದುಕೊಂಡು ಇನ್ನಷ್ಟು ಹತ್ತಿರ ಹೋಗುತ್ತಾರೆ. ಬೇಡ. ಕ್ಯಾಮೆರಾ ಚೀಲಕ್ಕೆ ಹಾಕಿ ಚಹಾ ಕುಡಿಯಿರಿ.

ಇನ್ನು ನಾಯಿ. ಇದನ್ನು ಯಾವ ಬ್ರೋಷರೂ ಬರೆಯುವುದಿಲ್ಲ. ಯುರ್ಟ್‌ಗಳ ಕಾವಲು ನಾಯಿಗಳಿಗೆ ಎರಡು ತುಂಡು ಬ್ರೆಡ್ ಹಾಕಿದಿರೋ, ಬೆಳಿಗ್ಗೆ ನೀವು ದಡಕ್ಕೆ ಹೊರಟಾಗ ಜೊತೆಗೇ ಬರುತ್ತವೆ. ನೀವು 200 ಮೀಟರಿನಲ್ಲಿ ನಿಂತರೂ ನಾಯಿ ನಿಲ್ಲುವುದಿಲ್ಲ. ಹಾಗಾಗಿ ನಾಯಿ ಹಿಂಬಾಲಿಸಿದರೆ ಅಂದಿನ ದಡದ ನಡಿಗೆಯನ್ನು ಅಲ್ಲೇ ನಿಲ್ಲಿಸಿ, ಡೇರೆಯವರಿಗೆ ಹೇಳಿ ಕಟ್ಟಿಸಿ, ಆಮೇಲೆ ಹೋಗಿ. ಕಲ್ಲು ತೋರಿಸಿ ಓಡಿಸಲು ಹೋಗಬೇಡಿ, ಅವು ನಮ್ಮ ಬೀದಿ ನಾಯಿಗಳಲ್ಲ, ತೋಳ ಎದುರಿಸಲು ಸಾಕಿದವು.

ಡ್ರೋನ್ ಬಗ್ಗೆ ಚರ್ಚೆಯೇ ಬೇಡ. ಮೇಲಿನಿಂದ ಬರುವುದೆಲ್ಲ ಹೆಬ್ಬಾತಿಗೆ ಹದ್ದೇ. ಮರಿಗಳನ್ನು ಕರೆದುಕೊಂಡು ಇಡೀ ಹಿಂಡು ಸರೋವರದ ನಡುವಿಗೆ ಹೋಗುತ್ತದೆ, ಅಲೆ ಎದ್ದಿದ್ದರೆ ಚಿಕ್ಕ ಮರಿಗಳು ಅಲ್ಲಿ ತಣ್ಣಗಾಗಿ ಸೋಲುತ್ತವೆ. ಚೀನಾ ಗಡಿಯ ಹತ್ತಿರದ ಚಾತಿರ್-ಕುಲ್ ಸರೋವರಕ್ಕಂತೂ (3,530 ಮೀಟರ್, ಅದೂ ರಾಮ್ಸಾರ್ ತಾಣ, ಹೆಬ್ಬಾತುಗಳ ಮುಖ್ಯ ನೆಲೆ) ಗಡಿ ವಲಯದ ಪರವಾನಗಿ ಬೇಕು, ವಾರಗಳ ಮುಂಚೆ ಸ್ಥಳೀಯ ಏಜೆನ್ಸಿಯ ಮೂಲಕ ಅರ್ಜಿ ಹಾಕಬೇಕು. ಅಲ್ಲಿಗೆ ಡ್ರೋನ್ ಒಯ್ಯುವವರು ಹಕ್ಕಿಗಿಂತ ಮೊದಲು ಸೈನಿಕರಿಗೆ ಉತ್ತರ ಹೇಳಬೇಕಾಗುತ್ತದೆ.

ಎರಡನೆಯ ದೊಡ್ಡ ಆಕರ್ಷಣೆ ಐಬಿಸ್‌ಬಿಲ್. ಬೂದು ಮೈ, ಕಪ್ಪು ಮುಖ, ಎದೆಯ ಮೇಲೆ ಕಪ್ಪು ಪಟ್ಟಿ, ಕೆಳಗೆ ಬಾಗಿದ ಕೆಂಪು ಕೊಕ್ಕು, 40 ಸೆಂ.ಮೀ. ಉದ್ದದ ಹಕ್ಕಿ. ಅದರ ಕುಟುಂಬದಲ್ಲಿ ಅದೊಂದೇ ಜಾತಿ. ನದಿಯ ಇಳಿಜಾರು ತಗ್ಗಿ, ಪಾತ್ರ ಅಗಲವಾಗಿ, ಉರುಟು ಕಲ್ಲುಗಳ ನಡುವೆ ನೀರು ಹಲವು ಕವಲಾಗಿ ಹರಿಯುವ ಕಡೆ ಮಾತ್ರ ಇದರ ವಾಸ. ಬಿಶ್ಕೆಕ್‌ನಿಂದ ದಕ್ಷಿಣಕ್ಕೆ 40 ಕಿ.ಮೀ. ದೂರದ ಅಲಾ-ಅರ್ಚಾ ರಾಷ್ಟ್ರೀಯ ಉದ್ಯಾನದ ನದಿಯಲ್ಲಿ ಇದನ್ನು ಹುಡುಕುವವರೇ ಹೆಚ್ಚು. ‘ಐಬಿಸ್‌ಬಿಲ್ ಗ್ಯಾರಂಟಿ’ ಎಂದು ಬರೆದವರು ಆ ಮಾತು ಉಳಿಸಿಕೊಳ್ಳಲು ಜನರನ್ನು ಕಲ್ಲುಹಾಸಿನ ಮೇಲೆ ನಡೆಸುತ್ತಾರೆ. ಕೆಡುವುದು ಅಲ್ಲೇ.

ಅದರ ಗೂಡು ಎಂದರೆ ಕಲ್ಲುಗಳ ನಡುವಿನ ಒಂದು ತಗ್ಗು, ಅದರಲ್ಲಿ ಹುರಳಿಕಾಳಿನಿಂದ ಗೋಲಿ ಗಾತ್ರದವರೆಗಿನ ಚಿಕ್ಕ ಕಲ್ಲಿನ ಹಾಸು, ಮೇಲೆ ಮೂರೋ ನಾಲ್ಕೋ ಬೂದು-ಹಸಿರು ಮೊಟ್ಟೆ, ಕಂದು ಚುಕ್ಕೆ. ಎರಡು ಹೆಜ್ಜೆ ದೂರದಿಂದಲೂ ಕಲ್ಲು ಯಾವುದು ಮೊಟ್ಟೆ ಯಾವುದು ತಿಳಿಯುವುದಿಲ್ಲ. ಮರಿಗಳು ಇನ್ನೂ ಮೋಸ: ಅಪಾಯ ಕಂಡರೆ ಕಲ್ಲಿಗಂಟಿ ಮಲಗುತ್ತವೆ, ಬೂಟು ತಲೆಯ ಮೇಲೆ ಬರುವವರೆಗೂ ಅಲುಗುವುದಿಲ್ಲ. ಏಪ್ರಿಲ್ ಕೊನೆಯಿಂದ ಜುಲೈವರೆಗೆ ಕಲ್ಲುಹಾಸಿಗೆ ಇಳಿಯದಿರುವುದೊಂದೇ ದಾರಿ. ದಡದಲ್ಲಿ, ಸಾಧ್ಯವಾದರೆ ಒಂದಿಷ್ಟು ಎತ್ತರದಲ್ಲಿ, ಬೆನ್ನಿಗೆ ಬಂಡೆಯೋ ಪೊದೆಯೋ ಇರುವಂತೆ ಕೂತು ದುರ್ಬೀನಿನಲ್ಲಿ ನೀರಂಚನ್ನು ಅಡ್ಡಡ್ಡ ಓದುತ್ತಾ ಬನ್ನಿ. ಕಲ್ಲೊಂದು ತಲೆ ಕುಣಿಸಿತೆಂದರೆ ಅದೇ. ನಿಂತ ಐಬಿಸ್‌ಬಿಲ್ ಕಾಣುವುದಿಲ್ಲ, ನಡೆದಾಗ ಕಾಣುತ್ತದೆ. ಒಂದೇ ಜಾಗದಲ್ಲಿ ಒಂದು ಗಂಟೆ ಕೂರುವುದು ಐದು ಜಾಗಕ್ಕೆ ಓಡಾಡುವುದಕ್ಕಿಂತ ಲೇಸು.

ಹೊತ್ತು ಬೆಳಗಿನದ್ದೇ ಆಗಬೇಕು, ಅದಕ್ಕೆ ಬೆಳಕಿನದಲ್ಲದೆ ನೀರಿನ ಕಾರಣವೂ ಇದೆ. ಹಿಮನದಿಯಿಂದ ಬರುವ ಹೊಳೆಗಳಲ್ಲಿ ಬೆಳಗ್ಗೆ ನೀರು ಕಡಿಮೆ. ಬಿಸಿಲಿಗೆ ಮೇಲೆ ಹಿಮ ಕರಗಿ ಆ ನೀರು ಕೆಳಗೆ ಬರುವುದು ಮಧ್ಯಾಹ್ನದ ಮೇಲೆ. ಒಂಬತ್ತು ಗಂಟೆಗೆ ಪಾದ ಮುಳುಗುವಷ್ಟಿದ್ದ ಕವಲು ನಾಲ್ಕು ಗಂಟೆಗೆ ತೊಡೆಮಟ್ಟ ಬರಬಹುದು, ಹಾಲುಬೂದಿ ಬಣ್ಣಕ್ಕೆ ತಿರುಗಿದ ಆ ನೀರಿನಲ್ಲಿ ತಳದ ಕಲ್ಲು ಕಾಣುವುದಿಲ್ಲ. ಫೋಟೊ ಆಸೆಗೆ ನಡುಗಡ್ಡೆ ಸೇರಿದವರು ಸಂಜೆ ವಾಪಸಾಗಲು ಪರದಾಡುವುದು ಇದರಿಂದ. ಭಾನುವಾರ ಅಲಾ-ಅರ್ಚಾದಲ್ಲಿ ಪಿಕ್ನಿಕ್ ಜನ ತುಂಬಿರುತ್ತಾರೆ, ವಾರದ ನಡುವೆ ಹೋಗಿ. ಐಬಿಸ್‌ಬಿಲ್ ಸಿಗದ ದಿನವೂ ಆ ಹೊಳೆ ನಿಮ್ಮನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ನೀರಿಗೆ ಮುಳುಗಿ ತಳದಲ್ಲಿ ನಡೆಯುವ ಡಿಪ್ಪರ್ ಇದೆ. ನಮ್ಮ ಮಲೆನಾಡಿನ ಸರಳೆ ಸಿಳ್ಳಾರನ ದಾಯಾದಿ, ನೀಲಿ ಸಿಳ್ಳಾರ ಇದೆ. ಸೆಪ್ಟೆಂಬರಿನಲ್ಲಿ ಆಗುಂಬೆ ಹಳ್ಳಗಳಿಗೆ ಬಂದು ಬಾಲ ಕುಣಿಸುವ ಬೂದು ಕುಂಡೆಕುಸ್ಕದ ಜಾತಿ ಅಲ್ಲಿ ಕಲ್ಲುಸಂದಿಯಲ್ಲಿ ಗೂಡು ಕಟ್ಟಿರುತ್ತದೆ.

ಹೊಳೆ ಬಿಟ್ಟು ಮೇಲೇರಿದರೆ ಅರ್ಚಾ, ಅಂದರೆ ಜುನಿಪರ್ ಪೊದೆಗಳು. ಎತ್ತರ ಹೆಚ್ಚಿದಂತೆ ಈ ಗಿಡ ನೆಲಕ್ಕೆ ಹರಡಿ ಮಂಡಿಯೆತ್ತರದ ದಟ್ಟ ಹಾಸಾಗುತ್ತದೆ. ವೈಟ್-ಬ್ರೌಡ್ ಟಿಟ್-ವಾರ್ಬ್ಲರ್ ಎಂಬ ನೇರಳೆ-ನೀಲಿ ಪುಟ್ಟ ಹಕ್ಕಿಗಾಗಿ ಜನ ಬರುವುದು ಇಲ್ಲಿಗೆ. ತೂಕ ಹತ್ತು ಗ್ರಾಮೂ ಇಲ್ಲ. ಪೊದೆಯೊಳಗೇ ಓಡಾಡುವ ಹಕ್ಕಿಯನ್ನು ಹೊರಗೆ ತರಲು ಮೊಬೈಲಿನಲ್ಲಿ ಅದರದ್ದೇ ದನಿ ಹಾಕುವ ಚಾಳಿ ನಮ್ಮವರಿಗೆ ಊರಿನಿಂದಲೇ ಅಂಟಿದೆ. ಗಂಡು ಎದುರಾಳಿ ಬಂದನೆಂದು ಮೇವು ಬಿಟ್ಟು ಹೊರಬರುತ್ತದೆ, ನಿಜ. ಒಂದು ಗುಂಪಿನಲ್ಲಿ ಹನ್ನೆರಡು ಜನ, ಒಬ್ಬೊಬ್ಬರಿಗೂ ಸರಿಯಾದ ಫ್ರೇಮ್ ಸಿಗುವವರೆಗೆ ದನಿ; ಮರುದಿನ ಅದೇ ಪೊದೆಗೆ ಇನ್ನೊಂದು ಗುಂಪು. ಎಲ್ಲರಿಗೂ ಗೊತ್ತಿರುವ ಪೊದೆ ಒಂದೇ ಆದಾಗ ಪೆಟ್ಟು ಬೀಳುವುದೂ ಅದೇ ಒಂದು ಜೋಡಿಗೆ. ಮೇ, ಜೂನ್, ಜುಲೈನಲ್ಲಿ ದನಿ ಹಾಕುವುದನ್ನು ಪೂರ್ತಿ ಬಿಡಿ. ಬದಲಿಗೆ ಬಿಸಿಲು ಪೊದೆಗೆ ತಾಗುವ ಹೊತ್ತಿಗೆ ಹೋಗಿ. ರಾತ್ರಿಯ ಚಳಿಗೆ ಮುದುಡಿದ್ದ ಹುಳುಗಳು ಆಗ ಅಲುಗಾಡುತ್ತವೆ, ಹಕ್ಕಿ ಬಿಸಿಲು ಬಿದ್ದ ಕಡೆಯ ಅಂಚಿಗೆ ತಾನಾಗಿ ಬರುತ್ತದೆ. ಟ್ರೈಪಾಡ್ ಹರಡಿ ಪೊದೆಯ ಮೇಲೆ ಕಾಲಿಡಬೇಡಿ. ಆ ಎತ್ತರದಲ್ಲಿ ಜುನಿಪರ್ ಬೆಳೆಯುವುದು ಬಹಳ ನಿಧಾನ, ಮುರಿದ ಕೊಂಬೆಯ ಜಾಗ ತುಂಬಲು ವರ್ಷಗಳೇ ಹಿಡಿಯುತ್ತವೆ.

ಉಲಾರ್, ಅಂದರೆ ಹಿಮಾಲಯದ ಸ್ನೋಕಾಕ್ ಎಂಬ ದೊಡ್ಡ ಬೆಟ್ಟಗೋಳಿ, ಬಗ್ಗೆ ಎರಡೇ ಮಾತು. ಇದು ಬೆಳಗ್ಗೆ ಮೇಯುತ್ತಾ, ಗೆಡ್ಡೆ ಕೆದಕುತ್ತಾ ನಡೆದೇ ಇಳಿಜಾರು ಏರುತ್ತದೆ. ಹೆದರಿದರೆ ರೆಕ್ಕೆ ಬಿಚ್ಚಿ ಕಣಿವೆಯ ಆಚೆ ದಡಕ್ಕೆ ಜಾರಿ ಇಳಿದುಬಿಡುತ್ತದೆ. ಹಾರಿಸುವ ಚಿತ್ರಕ್ಕಾಗಿ ಮೇಲಿನಿಂದ ಬೆದರಿಸಿದರೆ ಅದು ಇಡೀ ಬೆಳಗಿನ ಏರಿಕೆಯನ್ನು ಮತ್ತೆ ನಡೆಯಬೇಕು. ನಸುಕಿನಲ್ಲೇ ಎದುರು ದಿಬ್ಬದಲ್ಲಿ ಕೂತು, ಅದರ ಉದ್ದನೆಯ ಸಿಳ್ಳು ಎಲ್ಲಿಂದ ಬಂತೆಂದು ಗುರುತಿಸಿ ಸ್ಕೋಪ್‌ನಲ್ಲಿ ಹುಡುಕಿ.

ಈಗ ಹದ್ದಿನ ವಿಷಯ. ಬೇಕೆಂದೇ ಸ್ವಲ್ಪ ಉದ್ದಕ್ಕೆ ಬರೆಯುತ್ತಿದ್ದೇವೆ. ಗೋಲ್ಡನ್ ಈಗಲ್ ಸಾಕಿ ಬೇಟೆಯಾಡುವುದು ಕಿರ್ಗಿಜರ ಹಳೆಯ ವಿದ್ಯೆ. ಹದ್ದು ಅವರಿಗೆ ಬುರ್ಕುತ್, ಆಡಿಸುವವನು ಬುರ್ಕುತ್‌ಚು. 2021ರಲ್ಲಿ ಯುನೆಸ್ಕೊ ಪಟ್ಟಿಯ ಬೇಟೆಹಕ್ಕಿ ಪರಂಪರೆಗೆ ಕಿರ್ಗಿಸ್ತಾನವೂ ಸೇರಿತು. ಅದರ ವಿರುದ್ಧ ನಮ್ಮ ದನಿಯಿಲ್ಲ. ಹಕ್ಕಿಯನ್ನು ಹಲವು ವರ್ಷ ಆಡಿಸಿ ಮತ್ತೆ ಕಾಡಿಗೆ ಬಿಡುವ ಪದ್ಧತಿ ಇರುವ ಜನ ಅವರು. ನಾವು ಹೇಳುತ್ತಿರುವುದು ಪ್ರವಾಸಿ ತಾಣಗಳ ರಸ್ತೆ ಬದಿಯಲ್ಲಿ ಒಂದಿಷ್ಟು ಸೋಮ್ (ಅಲ್ಲಿಯ ಹಣ) ಕೊಟ್ಟರೆ ಕೈಮೇಲೆ ಕೂರಿಸಿ ಫೋಟೊ ತೆಗೆಸುವ ಹದ್ದುಗಳ ಬಗ್ಗೆ. ಇಂಥ ಒಂದು ಹಕ್ಕಿಯನ್ನು ಹತ್ತಿರದಿಂದ ನೋಡಿ. ಬಾಲದ ಗರಿಗಳ ತುದಿ ಪೊರಕೆಯಂತೆ ಸವೆದಿರುತ್ತದೆ, ಕಟ್ಟಿದ ಕಡೆಯೇ ದಿನವಿಡೀ ಬಡಿದಾಡಿದ ಗುರುತು ಅದು. ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಬಿಸಿಲಿಗೆ ಕಾದಿದೆ. ಪಾದದ ಅಡಿ ಊದಿ, ನಡುವೆ ಕಪ್ಪು ಹುಣ್ಣು ಇದ್ದರೆ ಗಟ್ಟಿ ಕಟ್ಟೆಯ ಮೇಲೆ ತಿಂಗಳುಗಟ್ಟಲೆ ನಿಂತಿದೆ. ವಿದ್ಯೆ ಬಲ್ಲವನ ಹಕ್ಕಿ ಹೀಗಿರುವುದಿಲ್ಲ: ಸುಮ್ಮನಿರುವಾಗ ಕಣ್ಣಿಗೆ ಚರ್ಮದ ಟೋಪಿ, ಕೂರಲು ಬಟ್ಟೆಯೋ ಚರ್ಮವೋ ಸುತ್ತಿದ ಕಟ್ಟೆ, ನೆರಳು, ಗರಿ ಅಖಂಡ.

ಇನ್ನೊಂದು ಗುರುತು ಋತು. ನಿಜವಾದ ಬೇಟೆ ಚಳಿಗಾಲದ್ದು. ಬೇಸಿಗೆಯಲ್ಲಿ ಹದ್ದು ಗರಿ ಬದಲಿಸುತ್ತಿರುತ್ತದೆ, ಆಗ ಅದನ್ನು ಬೇಟೆಗೆ ಬಿಡುವುದಿಲ್ಲ. ಜುಲೈಯಲ್ಲಿ ‘ಈಗಲ್ ಹಂಟಿಂಗ್ ಶೋ’ ಎಂದರೆ ಅದು ಪ್ರದರ್ಶನ, ಕೆಲವೆಡೆ ಜೀವಂತ ಮೊಲವನ್ನೇ ಬಿಟ್ಟು ಹಿಡಿಸುತ್ತಾರೆ. ಗುಂಪಿನ ದುಡ್ಡಿನಿಂದ ಅದಕ್ಕೆ ಟಿಕೆಟ್ ಕೊಳ್ಳಬೇಡಿ. ಹದ್ದಿನ ಬದುಕು ನೋಡಬೇಕಿದ್ದರೆ ಚಳಿಗಾಲದಲ್ಲಿ ಒಬ್ಬ ಬುರ್ಕುತ್‌ಚುವಿನ ಮನೆಯಲ್ಲೇ ಉಳಿದು ನೋಡಿ, ಅವನಿಗೇ ದುಡ್ಡು ಕೊಡಿ. ನೆನಪಿಗೆಂದು ಮಾರುವ ಹದ್ದಿನ ಗರಿ, ಉಗುರು ತರಬೇಡಿ. ಹದ್ದುಗಳೂ ಫಾಲ್ಕನ್‌ಗಳೂ ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ನಮ್ಮ ವನ್ಯಜೀವಿ ಕಾಯ್ದೆಯ 2022ರ ತಿದ್ದುಪಡಿ ಆ ಪಟ್ಟಿಯನ್ನು ಇಲ್ಲಿಗೂ ತಂದಿದೆ. ಪರವಾನಗಿಯಿಲ್ಲದ ಒಂದು ಗರಿಗಾಗಿ ವಿಮಾನ ನಿಲ್ದಾಣದಲ್ಲಿ ಕೂರುವುದು ಯಾರಿಗೂ ಬೇಡ.

ಸೇಕರ್ ಫಾಲ್ಕನ್ ಎಂಬ ಡೇಗೆಯ ಕಥೆ ಇದಕ್ಕಿಂತ ಗಂಭೀರ. ಕಿರ್ಗಿಜರ ಮಾನಸ್ ಮಹಾಕಾವ್ಯದ ಬಿಳಿ ಡೇಗೆ ಅಕ್ ಶುಮ್ಕಾರ್ ಆ ದೇಶದ ಲಾಂಛನದ ಮೇಲೇ ರೆಕ್ಕೆ ಬಿಚ್ಚಿ ಕೂತಿದೆ. ಅದೇ ದೇಶದ ಬಂಡೆಗಳಿಂದ ಸೇಕರ್‌ಗಳು ಕಳ್ಳಸಾಗಣೆಯಾಗಿ ಹೋಗಿವೆ. ಕೊಲ್ಲಿ ರಾಷ್ಟ್ರಗಳ ಬೇಟೆಹಕ್ಕಿ ಹವ್ಯಾಸಕ್ಕೆ ಇದರ ಹೆಣ್ಣಿಗೆ ಬಹಳ ಬೆಲೆ. ಜಗತ್ತಿನ ಜೀವಿಗಳ ಅಳಿವಿನ ಅಪಾಯ ಅಳೆಯುವ ಐಯುಸಿಎನ್ ಪಟ್ಟಿಯಲ್ಲಿ ಇದು ಅಳಿವಿನಂಚಿನ ಜಾತಿ. ಬಂಡೆಯ ಗೂಡನ್ನು ಸೇಕರ್ ತಾನು ಕಟ್ಟುವುದಿಲ್ಲ, ಬೇರೆ ಹಕ್ಕಿಯ ಹಳೆಯ ಗೂಡನ್ನು ಬಳಸುತ್ತದೆ. ಹೀಗಾಗಿ ಒಳ್ಳೆಯ ಬಂಡೆಯೊಂದು ವರ್ಷವರ್ಷವೂ ಬಳಕೆಯಾಗುತ್ತದೆ. ಒಮ್ಮೆ ಜಾಗ ಬಯಲಾದರೆ ಪ್ರತಿ ವರ್ಷವೂ ಬಯಲೇ.

ಜಾಗ ಬಯಲಾಗುವುದು ನಮ್ಮ ಫೋನಿನಿಂದ. ಪ್ರವಾಸ ಹೊರಡುವ ಮುನ್ನವೇ ಫೋನಿನ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಲೊಕೇಶನ್ ಆಫ್ ಮಾಡಿ. ದೊಡ್ಡ ಕ್ಯಾಮೆರಾದಲ್ಲಿ ಜಿಪಿಎಸ್ ಇದ್ದರೆ, ಅಥವಾ ಅದು ಫೋನಿನ ಆ್ಯಪ್‌ಗೆ ಜೋಡಿಸಿದ್ದರೆ ಅದನ್ನೂ ಆಫ್ ಮಾಡಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದರೆ ಸ್ಥಳದ ಮಾಹಿತಿ ಕಳಚಿಹೋಗುತ್ತದೆ, ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಹಾಗೇ ಉಳಿಯುತ್ತದೆ. ಒಳ್ಳೆಯ ಕ್ವಾಲಿಟಿ ಬೇಕೆಂದು ಎಲ್ಲರೂ ಕೇಳುವುದು ಡಾಕ್ಯುಮೆಂಟನ್ನೇ. ಹಿನ್ನೆಲೆಯ ಬಂಡೆಸಾಲಿನ ಆಕಾರವೂ ವಿಳಾಸವೇ, ಅದನ್ನು ಕತ್ತರಿಸಿ ಹಾಕಿ. ‘ಇಂಥ ಊರಿನಿಂದ ಇಷ್ಟು ಕಿ.ಮೀ.’ ಎಂಬ ಕ್ಯಾಪ್ಶನ್ ಬೇಡ. ಹಕ್ಕಿ ಪಟ್ಟಿ ದಾಖಲಿಸುವ ಇ-ಬರ್ಡ್ ಜಾಲತಾಣ ಕೆಲವು ಸೂಕ್ಷ್ಮ ಜಾತಿಗಳ ಸ್ಥಳವನ್ನು ತಾನೇ ಮರೆಮಾಡುತ್ತದೆ, ಆದರೆ ನೀವು ಟಿಪ್ಪಣಿಯಲ್ಲಿ ಬರೆದ ಹಳ್ಳಿಯ ಹೆಸರನ್ನು ಅಳಿಸುವುದಿಲ್ಲ. ಮರಿ ಹಾರಲು ಕಲಿತು ಚದುರುವ ತಿಂಗಳುಗಳೇ ಬಲೆಯವರ ತಿಂಗಳುಗಳು. ಸೇಕರ್ ಚಿತ್ರವನ್ನು ಡಿಸೆಂಬರ್ ನಂತರ ಹಾಕಿದರೆ ಲೈಕುಗಳೇನೂ ಕಮ್ಮಿಯಾಗುವುದಿಲ್ಲ.

ರಣಹದ್ದುಗಳ ಫೋಟೊಗೆ ಸತ್ತ ಕುರಿ ಇಡಿಸುವ ಹೊಸ ಉಪಾಯವೂ ಬೇಡ. ಡೈಕ್ಲೊಫಿನಾಕ್ ಎಂಬ ನೋವಿನ ಮದ್ದು ಚುಚ್ಚಿದ ಜಾನುವಾರಿನ ಮಾಂಸ ತಿಂದು ರಣಹದ್ದುಗಳು ಹೇಗೆ ಸತ್ತವೆಂದು ಭಾರತದವರಿಗೆ ಬೇರೆ ಯಾರೂ ಪಾಠ ಹೇಳಬೇಕಿಲ್ಲ, ಇಲ್ಲಿ ಅದರ ಪಶುವೈದ್ಯಕೀಯ ಬಳಕೆ 2006ರಲ್ಲಿ ನಿಷೇಧವಾಯಿತು. ಸತ್ತ ಕುರಿಗೆ ಕೊನೆಗೆ ಯಾವ ಚುಚ್ಚುಮದ್ದು ಕೊಟ್ಟಿದ್ದರೆಂದು ಗೈಡ್ ಹೇಳಲಾರ.

ಪ್ರವಾಸದ ವ್ಯವಸ್ಥೆಯ ಬಗ್ಗೆ ಚುಟುಕಾಗಿ: 800 ಮೀಟರ್ ಎತ್ತರದ ಬಿಶ್ಕೆಕ್‌ನಿಂದ ಒಂದೇ ದಿನ ಸೋನ್-ಕುಲ್‌ಗೆ ಹತ್ತಿಸಬೇಡಿ. ದಾರಿಯ ಕಲ್ಮಾಕ್-ಅಶೂ ಘಾಟಿಯೇ 3,447 ಮೀಟರ್. ನಡುವೆ ಕೊಚ್ಕೋರ್‌ನಲ್ಲಿ, ಸುಮಾರು 1,800 ಮೀಟರಿನಲ್ಲಿ, ಒಂದು ರಾತ್ರಿ ಇಡಿ. ತಲೆನೋವಿನ ಜೊತೆ ವಾಂತಿ ಶುರುವಾದವರನ್ನು ಅಂದೇ ಕೆಳಗಿಳಿಸಬೇಕು, ಅದಕ್ಕೊಂದು ಗಾಡಿ ಬಿಡುವಿರಲಿ. ಯುರ್ಟ್‌ನಲ್ಲಿ ಕರೆಂಟ್ ಇದ್ದರೆ ಸೋಲಾರ್ ಮಾತ್ರ. ಬ್ಯಾಟರಿಗಳನ್ನು ರಾತ್ರಿ ಹೊದಿಕೆಯೊಳಗೆ ಇಟ್ಟುಕೊಳ್ಳಿ, ಹೊರಗಿಟ್ಟರೆ ಬೆಳಗ್ಗೆ ಅರ್ಧ ಖಾಲಿ ತೋರಿಸುತ್ತವೆ. ಗುಂಪು ಆರು ಜನರಿಗಿಂತ ದೊಡ್ಡದಾದರೆ ದಡದಲ್ಲೂ ಪೊದೆಯಲ್ಲೂ ಅದನ್ನು ಹಿಡಿತದಲ್ಲಿಡಲು ಯಾವ ಗೈಡಿಗೂ ಆಗುವುದಿಲ್ಲ.

ಬಿಶ್ಕೆಕ್‌ನಲ್ಲಿ ವೈದ್ಯಕೀಯ ಓದುತ್ತಿರುವ ಮಕ್ಕಳೇ, ಟೂರಿಸ್ಟರಿಗೆ ಸಿಗದ ಒಂದು ಭಾಗ್ಯ ನಿಮಗಿದೆ: ಚಳಿಗಾಲ. ಇಸ್ಸಿಕ್-ಕುಲ್ ಸರೋವರ 1,607 ಮೀಟರ್ ಎತ್ತರದಲ್ಲಿದ್ದರೂ ಹೆಪ್ಪುಗಟ್ಟುವುದಿಲ್ಲ; ನೀರಿನಲ್ಲಿ ತುಸು ಉಪ್ಪಿದೆ, ಆಳ 668 ಮೀಟರ್, ಬೇಸಿಗೆಯಲ್ಲಿ ಹಿಡಿದಿಟ್ಟ ಬಿಸಿ ಬೇಗ ಆರುವುದಿಲ್ಲ. ಸುತ್ತಲಿನ ಕೆರೆ ಹೊಂಡಗಳೆಲ್ಲ ಕಲ್ಲಾದಾಗ ನಾಮದ ಕೋಳಿ, ರೆಡ್-ಕ್ರೆಸ್ಟೆಡ್ ಪೋಚಾರ್ಡ್ ಮುಂತಾದ ನೀರುಹಕ್ಕಿಗಳು ಇಲ್ಲಿ ಸೇರುತ್ತವೆ. ದಡದ ಸೀ-ಬಕ್‌ಥಾರ್ನ್ ಮುಳ್ಳುಪೊದೆಗಳಲ್ಲಿ ಕಿತ್ತಳೆ ಹಣ್ಣು ತಿನ್ನಲು ಬಿಳಿರೆಕ್ಕೆಯ ರೆಡ್‌ಸ್ಟಾರ್ಟ್‌ಗಳು ಮೇಲಿನ ಹಿಮದಿಂದ ಇಳಿದು ಬಂದಿರುತ್ತವೆ. ಜೂನ್‌ನಲ್ಲಿ ಇದೇ ಹಕ್ಕಿಗಾಗಿ ಜನ ಮೂರೂವರೆ ಸಾವಿರ ಮೀಟರ್ ಹತ್ತುತ್ತಾರೆ, ನೀವು ಬಾಲಿಕ್ಚಿಯಲ್ಲಿ ಬಸ್ ಇಳಿದು ನಡೆದು ಹೋಗಬಹುದು.

ಊರಲ್ಲೇ ಮಾಡುವ ಕೆಲಸವೂ ಇದೆ. ಬಿಶ್ಕೆಕ್‌ನ ಪಾರ್ಕುಗಳಲ್ಲಿ ನಮ್ಮ ಗೊರವಂಕ ಈಗ ಮಾಮೂಲು, ಚಳಿಗಾಲದ ಸಂಜೆ ಮರಗಳ ತುಂಬ ರೂಕ್ ಕಾಗೆಗಳು. ವಾರಕ್ಕೊಮ್ಮೆ, ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಇಪ್ಪತ್ತು ನಿಮಿಷ ನಿಂತು ಕಂಡ ಎಲ್ಲ ಹಕ್ಕಿಗಳನ್ನೂ ಎಣಿಸಿ ಇ-ಬರ್ಡ್‌ಗೆ ಪೂರ್ಣ ಪಟ್ಟಿಯಾಗಿ ಹಾಕಿ. ಅಪರೂಪದ್ದು ಕಂಡ ದಿನ ಮಾತ್ರ ಹಾಕುವ ಪಟ್ಟಿಯಿಂದ ಉಪಯೋಗ ಕಡಿಮೆ. ಏನೂ ವಿಶೇಷವಿಲ್ಲದ ವಾರಗಳ ಪಟ್ಟಿಯಿಂದಲೇ ಏರಿಳಿತ ತಿಳಿಯುವುದು. ಗುಲಾಬಿ ಕಬ್ಬಕ್ಕಿಗಳು ಮೇ ತಿಂಗಳಲ್ಲಿ ಯಾವ ವಾರ ಅಲ್ಲಿಗೆ ತಲುಪಿದವು ಎಂದು ನೀವು ಬರೆದಿಟ್ಟರೆ, ಏಪ್ರಿಲ್‌ನಲ್ಲಿ ಕೊಪ್ಪಳ, ಬಳ್ಳಾರಿ ಕಡೆಯಿಂದ ಹಿಂಡು ಹೊರಟದ್ದನ್ನು ಬರೆದವರ ಪಟ್ಟಿಯ ಪಕ್ಕ ಅದನ್ನಿಟ್ಟು ಓದಬಹುದು.

ಈ ಎರಡು ತುದಿಗಳನ್ನು ಜೋಡಿಸುವ ಸರ್ಕಾರಿ ಕೆಲಸವೂ ನಡೆದಿದೆ. 2024ರ ಜನವರಿ ಕೊನೆಗೆ ಮಾಗಡಿ ಕೆರೆ ರಾಮ್ಸಾರ್ ಪಟ್ಟಿ ಸೇರಿತು. ಮರು ತಿಂಗಳೇ ಸಮರ್ಕಂದದಲ್ಲಿ ನಡೆದ ವಲಸೆ ಜೀವಿಗಳ ಒಪ್ಪಂದದ ಸಮ್ಮೇಳನ ಮಧ್ಯ ಏಷ್ಯಾ ವಲಸೆಮಾರ್ಗದ 30 ದೇಶಗಳ ಯೋಜನೆಗೆ ಒಪ್ಪಿಗೆ ಕೊಟ್ಟು, ಅದರ ಸಮನ್ವಯ ಘಟಕ ಭಾರತದಲ್ಲಿರಲಿ ಎಂದಿತು. ಭಾರತದ ಜವಾಬ್ದಾರಿ ಹೀಗಿರುವಾಗ ಭಾರತದ ಪ್ರವಾಸಿಗರೇ ಸೋನ್-ಕುಲ್ ದಡದಲ್ಲಿ ಹೆಬ್ಬಾತು ಅಟ್ಟುವ ವಿಡಿಯೊ ಹಾಕಿದರೆ ಹೇಗಿರುತ್ತದೆ, ನೀವೇ ಹೇಳಿ.

ಮುಂಗಡ ಕಟ್ಟುವ ಮೊದಲು ಆಯೋಜಕರನ್ನು ಕೇಳಿ: ಸೋನ್-ಕುಲ್‌ಗೆ ಯಾವ ದಿನಾಂಕ? ಗುಂಪಿನಲ್ಲಿ ಎಷ್ಟು ಜನ? ಹಕ್ಕಿಯ ದನಿ ಹಾಕುತ್ತೀರಾ? ನದಿಯ ಕಲ್ಲುಹಾಸಿಗೆ ಇಳಿಸುತ್ತೀರಾ? ಅಲ್ಲಿಯ ಗೈಡ್ ಸ್ಥಳೀಯನೇ, ಅವನು ‘ಹಿಂದೆ ಬನ್ನಿ’ ಎಂದರೆ ನಿಮ್ಮ ಟೂರ್ ಲೀಡರ್ ಅವನ ಮಾತು ಕೇಳುತ್ತಾರಾ? ಕೊನೆಯ ಪ್ರಶ್ನೆಗೆ ತಡವರಿಸಿದರೆ ಬೇರೆ ಆಯೋಜಕರನ್ನು ನೋಡಿಕೊಳ್ಳಿ. ಆಯೋಜಕರೇ, ‘ಗ್ಯಾರಂಟಿ’ ಎಂಬ ಪದವನ್ನು ಬ್ರೋಷರಿನಿಂದ ತೆಗೆಯಿರಿ. ಗೈಡ್ ತಪ್ಪು ಮಾಡುವುದು ಬಹಳ ಸಲ ಆ ಒಂದು ಪದದ ಒತ್ತಡಕ್ಕೆ. ಇಲ್ಲಿ ಕೊಟ್ಟಿರುವ ದಿನಾಂಕ, ದೂರ, ಹೊತ್ತುಗಳನ್ನು ನಿಮ್ಮ ಸೂಚನಾ ಪತ್ರಕ್ಕೆ ಹಾಗೆಯೇ ಸೇರಿಸಿಕೊಳ್ಳಬಹುದು, ನಮ್ಮ ಹೆಸರು ಹಾಕಬೇಕಿಲ್ಲ.

ಇಂತಿ,
ಕೆಲವು ಹಕ್ಕಿ ವೀಕ್ಷಕರು